ಡೆಟ್ರಾಯ್ಟ್ ಡೌನ್‌ಟೌನ್‌ಗೆ ಅಪ್ಪ ಅಮ್ಮನ್ನ ಕರ್ಕೊಂಡ್ ಹೋಗ್ಬಹುದಾ ಅಂತ ಕೇಳಿದ್ಯಲ್ಲ

ಹಾಸನದ ತಮ್ಮಾ, ನೀನು ಬರ್ದಿದ್ದು ನೋಡ್ದೆ. ನವೆಂಬರ್ ಎರಡನೇ ವಾರ ಡೆಟ್ರಾಯ್ಟ್‌ಗೆ ಬರ್ತಿದೀನಿ, ಆಫೀಸ್ ಡೌನ್‌ಟೌನ್‌ನಲ್ಲೇ ಕ್ಯಾಂಪಸ್ ಮಾರ್ಷಿಯಸ್ ಪಾರ್ಕ್ ಹತ್ರ, ಮನೆ ಅಲ್ಲೇ ಮಾಡ್ಲಾ ಇಲ್ಲ ಊರಾಚೆ ನಮ್ಮ ಜನ ಇರೋ ನೋವೈ ಕಡೆ ಮಾಡ್ಲಾ, ಕಾರ್ ಇಲ್ದೆ ನಡೆಯತ್ತಾ, ಚಳಿಗಾಲದಲ್ಲಿ ಆ ಕಡೆ ಏನಾದ್ರೂ ನಡೀತಿರತ್ತಾ ಇಲ್ಲ ಆರು ಗಂಟೆಗೆ ಬಾಗ್ಲು ಹಾಕ್ಕೊಂಡ್ ಮಲಗ್ತಾರಾ ಅಂತ ಕೇಳಿದೀಯ. ಕೊನೇಲಿ ಒಂದ್ ಸಾಲು ಸೇರಿಸಿದೀಯ, ಜೂನ್‌ನಲ್ಲಿ ಅಪ್ಪ ಅಮ್ಮ ಬರ್ತಾರೆ, ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದೋರು, ಅವ್ರನ್ನ ಡೌನ್‌ಟೌನ್‌ಗೆ ಕರ್ಕೊಂಡ್ ಹೋದ್ರೆ ಸೇಫಾ ಅಂತ. ಮಿಕ್ಕಿದ್ದಕ್ಕೆಲ್ಲ ಯಾರಾದ್ರೂ ಉತ್ತರ ಕೊಡ್ತಾರೆ, ಆ ಕೊನೇ ಸಾಲು ಓದಿ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ, ಅದಕ್ಕೇ ಕೂತು ಬರೀತಿದೀನಿ. ನನ್ನ ಮಗಳಿಗಿಂತ ಮೂರ್ನಾಕು ವರ್ಷ ದೊಡ್ಡೋನಿರ್ಬೇಕು ನೀನು, ಅದಕ್ಕೆ ಏಕವಚನ, ಬೇಜಾರ್ ಮಾಡ್ಕೋಬೇಡ. ಸರ್ ಗಿರ್ ಅಂತ ಬರೀಬೇಡ ನೀನೂ.

ಮೊದ್ಲು ಚಿಕ್ಕದು ಮುಗಿಸ್ತೀನಿ. ಮನೆ ಎಲ್ಲಿ ಅನ್ನೋದು ಹೆಂಡ್ತಿ ಯಾವಾಗ ಬರ್ತಾಳೆ ಅನ್ನೋದ್ರ ಮೇಲೆ. ಒಬ್ನೇ ಇರೋ ತನಕ ಡೌನ್‌ಟೌನ್‌ನಲ್ಲಿರು, ಆಫೀಸ್‌ಗೆ ನಡ್ಕೊಂಡ್ ಹೋಗ್ಬಹುದು, ಅದ್ರ ಸುಖ ಬೇರೆ. ಆದ್ರೆ ಬಾಡಿಗೆ ಅಷ್ಟೇ ಲೆಕ್ಕ ಹಾಕ್ಬೇಡ. ಡೆಟ್ರಾಯ್ಟ್ ಸಿಟಿ ಒಳಗೆ ಮನೆ ಇದ್ರೆ ಸಿಟಿ ಇನ್‌ಕಮ್ ಟ್ಯಾಕ್ಸ್ 2.4 ಪರ್ಸೆಂಟ್, ಹೊರಗಿದ್ದು ಒಳಗೆ ಕೆಲ್ಸ ಮಾಡಿದ್ರೂ 1.2 ಕಟ್ಬೇಕು, ಇದನ್ನ ಆಫರ್ ಲೆಟರ್ ಕೊಡೋರು ಯಾರೂ ಹೇಳಲ್ಲ. ಕಾರ್ ಇನ್ಶೂರೆನ್ಸ್ ಸಿಟಿ ಒಳಗಿನ ಅಡ್ರೆಸ್‌ಗೆ ಹೊಟ್ಟೆ ಉರಿಯೋಷ್ಟಿರತ್ತೆ, ಅದೇ ಕಾರು, ಅದೇ ಡ್ರೈವರು, ಸಿಟಿಯ ಉತ್ತರದ ಗಡಿ 8 ಮೈಲ್ ರೋಡ್, ಅದನ್ನ ದಾಟಿದ ತಕ್ಷಣ ರೇಟ್ ಬೇರೆ. ನೋವೈ ಹೆಸ್ರು ಕೇಳಿ ಹೆದ್ರಬೇಡ, ನೋವೇನಿಲ್ಲ, ಸಾಂಬಾರ್ ಪುಡಿ, ತೊಗರಿಬೇಳೆ, ಸೋನಾ ಮಸೂರಿ, ಮದುವೆ ಮನೆ ಅಡುಗೆಯವ್ರು ಸಮೇತ ಎಲ್ಲಾ ಸಿಗತ್ತೆ, ಟ್ರಾಯ್, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಕಡೇನೂ ಹಾಗೇ. ಪಂಪ ಕನ್ನಡ ಕೂಟ ಇದೆ, ರಾಜ್ಯೋತ್ಸವ, ಯುಗಾದಿ, ಎಲ್ಲಾ ಇರತ್ತೆ, ಊಟದ ಕ್ಯೂನಲ್ಲಿ ನಿಂತ್ರೆ ಅರ್ಧ ಊರು ಪರಿಚಯ ಆಗತ್ತೆ, ಅದನ್ನ ನಿನಗೆ ಬಿಡಿಸಿ ಹೇಳ್ಬೇಕಿಲ್ಲ.

ಕಾರು ಬೇಕು. ಡೌನ್‌ಟೌನ್ ಒಳಗೆ ಬೇಡ, ಅಲ್ಲಿ ಪೀಪಲ್ ಮೂವರ್ ಅಂತ ಮೇಲ್ಗಡೆ ಒಂದು ಪುಟ್ಟ ಟ್ರೈನು, 1987ರಿಂದ ಸುತ್ತಿದ್ ಜಾಗಾನೇ ಸುತ್ತತ್ತೆ, ಗಾಣದ ಎತ್ತಿನ ಥರ, ಈಗ ಅದಕ್ಕೆ ಟಿಕೆಟ್ಟೂ ಇಲ್ಲ. ವುಡ್‌ವರ್ಡ್ ರಸ್ತೆ ಮೇಲೆ 2017ರಲ್ಲಿ ಕ್ಯೂಲೈನ್ ಅಂತ ಟ್ರ್ಯಾಮ್ ಹಾಕಿದ್ರು, ಮೂರ್ ಚಿಲ್ಲರೆ ಮೈಲಿ, ಅದೂ ಫ್ರೀ. ಅದ್ರಾಚೆ ಕಾರಿಲ್ದೆ ನಮ್ಮಂಥೋರಿಗೆ ಕಷ್ಟ. ಜಗತ್ತಿಗೆಲ್ಲಾ ಕಾರ್ ಮಾಡಿಕೊಟ್ಟ ಊರು, ಬಸ್ಸಿಗೆ ಯಾಕ್ ಕಾಸ್ ಹಾಕತ್ತೆ ಹೇಳು.

ಈಗ ಚಳಿಗಾಲ. ನೀನ್ ಬರೋದೇ ಒಳ್ಳೇ ಟೈಮಿಗೆ. ಥ್ಯಾಂಕ್ಸ್‌ಗಿವಿಂಗ್ ಅಂದ್ರೆ ನವೆಂಬರ್ ನಾಕನೇ ಗುರುವಾರದ ಹಬ್ಬ, ಅದಕ್ಕೆ ಹಿಂದಿನ ಶುಕ್ರವಾರ ಸಾಮಾನ್ಯವಾಗಿ ಕ್ಯಾಂಪಸ್ ಮಾರ್ಷಿಯಸ್‌ನಲ್ಲಿ ಕ್ರಿಸ್‌ಮಸ್ ಮರಕ್ಕೆ ದೀಪ ಹಚ್ತಾರೆ, ಸುಮಾರು ಅರವತ್ತು ಅಡಿ ಮರ, ನಿಜವಾದ ಮರ, ಕಡಿದು ಲಾರೀಲಿ ತರ್ತಾರೆ. ಪಕ್ಕದಲ್ಲೇ ಐಸ್ ಸ್ಕೇಟಿಂಗ್ ರಿಂಕು, ಆಚೆ ಕ್ಯಾಡಿಲಾಕ್ ಸ್ಕ್ವೇರ್‌ನಲ್ಲಿ ಗಾಜಿನ ಗೂಡಂಗಡಿಗಳು ಸಾಲಾಗಿ, ಒಳಗೆ ಮೇಣದ ಬತ್ತಿ, ಉಣ್ಣೆ ಟೋಪಿ, ಸೋಪು, ಚಾಕೊಲೇಟು. ನಾನು ಮೊದಲ್ನೇ ಸಲ ಆ ಜನಜಂಗುಳಿ ಮಧ್ಯೆ ನಿಂತಾಗ ಬಸವನಗುಡಿ ಕಡಲೆಕಾಯಿ ಪರಿಷೆ ಜ್ಞಾಪಕಕ್ಕೆ ಬಂತು, ಅದೂ ಕಾರ್ತೀಕದ ಕೊನೇ ಸೋಮವಾರ, ಹೆಚ್ಚು ಕಮ್ಮಿ ಅದೇ ದಿನಗಳು, ಅದೇ ಥರ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಅಪ್ಪಂದಿರು, ಕೈ ಬಿಡ್ಬೇಡ್ರೋ ಅಂತ ಅಮ್ಮಂದಿರು. ಒಂದೇ ವ್ಯತ್ಯಾಸ, ಇಲ್ಲಿ ಯಾರೂ ಸಿಪ್ಪೆ ನೆಲಕ್ಕೆ ಹಾಕಲ್ಲ, ಮತ್ತೆ ಮೂಗಿನ ತುದಿ ಇದೆಯೋ ಇಲ್ವೋ ಅಂತ ಆಗಾಗ ಮುಟ್ಟಿ ನೋಡ್ಕೋಬೇಕು. ನದಿ ಕಡೆಯಿಂದ ಗಾಳಿ ಬರತ್ತೆ, ಬೆಂಗಳೂರಲ್ಲಿ ತಗೊಂಡ ಜಾಕೆಟ್ ನೆಚ್ಕೋಬೇಡ, ಅಲ್ಲಿಂದ ಥರ್ಮಲ್ ಒಳಉಡುಪು ಮಾತ್ರ ತಾ, ಕೋಟು, ಬೂಟು ಇಲ್ಲೇ ತಗೋ.

ಥ್ಯಾಂಕ್ಸ್‌ಗಿವಿಂಗ್ ಬೆಳಗ್ಗೆ ವುಡ್‌ವರ್ಡ್ ಮೇಲೆ ಪೆರೇಡ್. 1924ರಲ್ಲಿ ಹಡ್ಸನ್ಸ್ ಅನ್ನೋ ಅಂಗಡಿಯೋರು ಶುರು ಮಾಡಿದ್ದು, ದೊಡ್ಡ ದೊಡ್ಡ ಬಲೂನು, ಕಾಗದದ ರಟ್ಟಿನ ತಲೆಗಳು, ಶಾಲೆ ಮಕ್ಕಳ ಬ್ಯಾಂಡು, ನಮ್ಮ ಜಂಬೂಸವಾರಿ ನೋಡಿದೋರಿಗೆ ಅಯ್ಯೋ ಇಷ್ಟೇನಾ ಅನ್ಸತ್ತೆ, ಆದ್ರೂ ನೋಡು. ಅವತ್ತೇ ಫೋರ್ಡ್ ಫೀಲ್ಡ್ ಸ್ಟೇಡಿಯಂನಲ್ಲಿ ಲಯನ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಮ್ಯಾಚು, 1934ರಿಂದ ನಡ್ಕೊಂಡ್ ಬಂದಿರೋ ಪದ್ಧತಿ. ಮ್ಯಾಚಿನ ದಿನ ಕಾರ್ ತಗೊಂಡ್ ಹೋಗ್ಬೇಡ, ದಿನಾ ಹತ್ತು ಡಾಲರ್ ಇರೋ ಪಾರ್ಕಿಂಗು ನಾಕೈದು ಪಟ್ಟು ಆಗತ್ತೆ. ಜನವರೀಲಿ ಆಟೋ ಶೋ, ಅಪ್ಪನ ಮೆಕ್ಯಾನಿಕ್ ಜಾತಿ ನಿಂದೂ ಆಗಿದ್ರೆ ಎರಡ್ ಸಲ ಹೋಗು. ಫೆಬ್ರವರಿ ಬಗ್ಗೆ ಸುಳ್ಳು ಹೇಳಲ್ಲ, ಸುಡುಗಾಡು. ಮಾರ್ಚ್ ಅದ್ರ ತಮ್ಮ. ಆಗ ಮನೇಲಿ ಬಿಸಿಬೇಳೆಬಾತ್ ಮಾಡ್ಕೊಂಡು ಬೆಚ್ಚಗಿರು.

ಏಪ್ರಿಲ್‌ನಲ್ಲಿ ಟೈಗರ್ಸ್ ಬೇಸ್‌ಬಾಲ್ ಮೊದಲ ಮ್ಯಾಚಿನ ದಿನ ಅರ್ಧ ಊರು ಆಫೀಸಿಗೆ ಚಕ್ಕರ್ ಹೊಡೆದು ಡೌನ್‌ಟೌನ್‌ನಲ್ಲಿರತ್ತೆ. ಮೇ ಕೊನೇಲಿ ಹಾರ್ಟ್ ಪ್ಲಾಜಾದಲ್ಲಿ ಮೂವ್‌ಮೆಂಟ್ ಅಂತ ಟೆಕ್ನೋ ಸಂಗೀತದ ಹಬ್ಬ, ಆ ಸಂಗೀತ ಹುಟ್ಟಿದ್ದೇ ಈ ಊರಲ್ಲಿ, ನನಗೆ ತಲೆನೋವು, ನಿನಗೆ ಹಿಡಿಸ್ಬಹುದು. ಸೆಪ್ಟೆಂಬರ್ ಶುರೂಲಿ ಲೇಬರ್ ಡೇ ವಾರಾಂತ್ಯ ಜಾಜ್ ಫೆಸ್ಟಿವಲ್, 1980ರಿಂದ ನಡೀತಿದೆ, ಪೂರ್ತಿ ಉಚಿತ, ನಮ್ಮ ರಾಮೋತ್ಸವದ ಪೆಂಡಾಲ್ ಕಚೇರಿ ಥರ ಯಾರ್ ಬೇಕಾದ್ರೂ ಬಂದು ಕೂರಬಹುದು. ಅಪ್ಪ ಅಮ್ಮ ಇರೋ ಜೂನ್ ಕೊನೇಲಿ ನದಿ ಮೇಲೆ ಪಟಾಕಿ, ಈ ದಡದಲ್ಲಿ ನಾವು, ಆ ದಡದಲ್ಲಿ ಕೆನಡಾದೋರು. ಅಂದ್ಹಾಗೆ ಇಲ್ಲಿಂದ ಕೆನಡಾ ದಕ್ಷಿಣಕ್ಕಿದೆ, ಮ್ಯಾಪ್ ತೆಗೆದು ನೋಡು, ನಿಮ್ಮಪ್ಪ ನಂಬಲ್ಲ, ದಿಕ್ಸೂಚಿ ತೋರ್ಸಿ ನಂಬ್ಸು.

ಸರಿ, ಈಗ ಸೇಫಾ ಅನ್ನೋ ಮಾತು.

ನಾನು ಬಂದಿದ್ದು 1998 ಅಕ್ಟೋಬರ್. ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಕಂಪನಿ ಕೊಟ್ಟ ಅಪಾರ್ಟ್‌ಮೆಂಟು, ನಾಕು ಜನ, ಒಂದು ಕುಕ್ಕರ್. ಬಂದ ಎರಡನೇ ಶನಿವಾರ, 24ನೇ ತಾರೀಖು, ಸಂಜೆ ಚಿತ್ರಾನ್ನ ತಟ್ಟೇಲಿ ಹಾಕ್ಕೊಂಡು ಟಿವಿ ಮುಂದೆ ಕೂತ್ರೆ ಒಂದು ದೊಡ್ಡ ಇಟ್ಟಿಗೆ ಬಣ್ಣದ ಕಟ್ಟಡ, ಎಲ್ಲಾ ಚಾನೆಲ್‌ನಲ್ಲೂ ಅದೇ. ನೋಡ್ತಿದ್ದ ಹಾಗೇ ಢಬ ಢಬ ಅಂತ ಸದ್ದಾಗಿ ಆ ಕಟ್ಟಡ ಕುಕ್ಕರುಗಾಲಲ್ಲಿ ಕೂತ ಹಾಗೆ ಕೂತ್ಬಿಡ್ತು, ಧೂಳು ಬೀದಿ ಬೀದಿ ತುಂಬ್ಕೊಂಡು ಕ್ಯಾಮೆರಾನೇ ಕಾಣದ ಹಾಗಾಯ್ತು. ಅದೇ ಹಡ್ಸನ್ಸ್, ಪೆರೇಡ್ ಶುರು ಮಾಡಿದ ಅಂಗಡಿ, 1983ರಲ್ಲೇ ಮುಚ್ಚಿತ್ತು, ಖಾಲಿ ಬಿದ್ದಿದ್ದನ್ನ ಮದ್ದಿಟ್ಟು ಉರುಳಿಸಿದ್ರು. ಅದ್ರ ಅವಶೇಷ ಬಿದ್ದು ಪಕ್ಕದ ಪೀಪಲ್ ಮೂವರ್ ಹಳೀನೂ ಹಾಳಾಯ್ತು. ನಮಗಿಂತ ಎರಡು ವರ್ಷ ಮುಂಚೆ ಬಂದಿದ್ದ ಮಂಡ್ಯದೋರೊಬ್ರು ನಮ್ಮ ಜೊತೆ ಇದ್ರು, ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ತಿರುಗಿಸ್ತಾ ಹೇಳಿದ್ರು, "ನೋಡುದ್ರಾ, ಅವ್ರ ಊರ್ನ ಅವ್ರೇ ಒಡ್ದಾಕ್ತಾವ್ರೆ, ನಮ್ಗೇನ್ ಕ್ಯಾಮೆ ಅಲ್ಲಿ, 8 ಮೈಲ್ ರೋಡಿಂದಾಚ್ಗೆ ಕಾಲಿಡ್ಬ್ಯಾಡಿ."

ಅವ್ರು ಒಳ್ಳೇದಕ್ಕೇ ಹೇಳಿದ್ರು. ನಾನೂ ಕಣ್ಣುಮುಚ್ಚಿ ಪಾಲಿಸ್ದೆ. ವರ್ಷಕ್ಕೊಂದ್ ಸಲ ಆಟೋ ಶೋಗೆ ಹೋಗೋದು, ಆಗ ಅದಕ್ಕೆ ಕೋಬೋ ಹಾಲ್ ಅಂತಿದ್ರು, ಛಾವಣಿ ಮೇಲೆ ಪಾರ್ಕಿಂಗು, ಅಲ್ಲೇ ಕಾರ್ ಹಾಕಿ, ಅಲ್ಲೇ ಇಳಿದು, ನೋಡಿ, ಅಲ್ಲೇ ಹತ್ತಿ ವಾಪಸ್. ಊರಿನ ನೆಲಕ್ಕೆ ಶೂ ತಾಗಿಸದೆ ಬಂದಿದೀನಿ ಎಷ್ಟೋ ವರ್ಷ.

ಒಂದೇ ಸಲ ಮೀರಿದ್ದು 2001ರಲ್ಲಿ. ಆಫೀಸಿನೋರ ಜೊತೆ ರಾತ್ರಿ ಬೇಸ್‌ಬಾಲ್ ಮ್ಯಾಚು, ಕೊಮೆರಿಕಾ ಪಾರ್ಕ್ ಕಟ್ಟಿ ಆಗಿನ್ನೂ ಒಂದ್ ವರ್ಷ. ವಾಪಸ್ ಬಂದ್ರೆ ಕಾರಿನ ಗಾಜು ಪುಡಿಪುಡಿ, ಸ್ಟೀರಿಯೋ ಇಲ್ಲ, ಹಿಂದಿನ ಸೀಟಲ್ಲಿದ್ದ ಜಾಕೆಟ್ ಇಲ್ಲ. ಈ ಕಥೇನ ನಾನು ಆಮೇಲೆ ಹದಿನೈದು ವರ್ಷ ಹೇಳಿದೀನಿ. ಹೊಸದಾಗಿ ಬಂದೋರು ಯಾರ್ ಸಿಕ್ಕಿದ್ರೂ, ಕೂಟದ ಊಟದಲ್ಲಿ, ಗೃಹಪ್ರವೇಶದಲ್ಲಿ, ದೇವಸ್ಥಾನದ ಪ್ರಸಾದದ ಸಾಲಲ್ಲಿ, "ನೋಡಪ್ಪಾ ನನಗಾಗಿದ್ದು ಹೇಳ್ತೀನಿ" ಅಂತ ಶುರು ಮಾಡ್ಬಿಡ್ತಿದ್ದೆ. ಗಾಜು ಒಡೆದಿದ್ದು ಹೇಳ್ತಿದ್ದೆ, ಜಾಕೆಟ್ ಹೋಗಿದ್ದು ಹೇಳ್ತಿದ್ದೆ, ಅಲ್ಲಿಗೆ ಕಥೆ ಮುಗಿಸ್ತಿದ್ದೆ. ಆದ್ರೆ ಅವತ್ತು ಅಲ್ಲಿಗೆ ಮುಗಿದಿರ್ಲಿಲ್ಲ. ಪಕ್ಕದ ಪಾರ್ಕಿಂಗ್ ಲಾಟ್ ನೋಡ್ಕೋತಿದ್ದ ಒಬ್ರು, ಅರವತ್ತು ದಾಟಿದ ಕಪ್ಪು ಮನುಷ್ಯ, ನಾನು ತಲೆ ಮೇಲೆ ಕೈ ಹೊತ್ತು ನಿಂತಿದ್ದು ನೋಡಿ ಪೊರಕೆ, ಮೊರದ ಥರದ್ದು ಒಂದು ತಂದು, ಸೀಟಿನ ಸಂದಿಯಲ್ಲಿದ್ದ ಗಾಜಿನ ಚೂರು ಸಮೇತ ಗುಡಿಸಿ, ಕಸದ ಕಪ್ಪು ಕವರ್ ಹರಿದು ಕಿಟಕಿಗೆ ಅಗಲ ಟೇಪ್ ಹಾಕಿ ಅಂಟ್ಸಿದ್ರು. ಫ್ರೀವೇಲಿ ಜೋರಾಗಿ ಓಡಿಸ್ಬೇಡ, ಗಾಳಿಗೆ ಕಿತ್ತೋಗತ್ತೆ ಅಂದ್ರು. ಐದು ಡಾಲರ್ ಕೊಡಕ್ಕೆ ಹೋದ್ರೆ ಕೈ ಅಡ್ಡ ಹಿಡಿದು, ಮಗಾ ಹೋಗು, ಮನೇಲಿ ಕಾಯ್ತಿರ್ತಾರೆ ಅನ್ನೋ ಅರ್ಥ ಬರೋ ಹಾಗೆ ಏನೋ ಅಂದ್ರು. ಆ ಕವರು ನೋವೈ ತನಕ ಪಟಪಟ ಅಂತಿತ್ತು, ಕಿತ್ತೋಗ್ಲಿಲ್ಲ. ಈ ಮನುಷ್ಯನ್ನ ನಾನು ಕಥೆಯಿಂದ ತೆಗೆದೇಬಿಟ್ಟಿದ್ದೆ. ಬೇಕಂತ ಅಲ್ಲ, ಆದ್ರೆ ಕೇಳೋರಿಗೆ ಬೇಕಾಗಿದ್ದಿದ್ದು ಗಾಜು ಒಡೆದಿದ್ದೇ, ನನಗೂ ಅದೇ ಹೇಳೋಕೆ ರುಚಿ. ಸಿಟಿ ಬಗ್ಗೆ ನಮ್ಮೋರಿಗಿದ್ದ ಹೆದರಿಕೇಲಿ ಎಷ್ಟು ಪೊಲೀಸ್ ಲೆಕ್ಕದ್ದು, ಎಷ್ಟು ಮೈಬಣ್ಣದ್ದು ಅಂತ ಆಗ ಯಾರೂ ಬಾಯ್ಬಿಟ್ಟು ಕೇಳ್ಕೊಳ್ಲಿಲ್ಲ, ನಾನಂತೂ ಕೇಳ್ಕೊಳ್ಲಿಲ್ಲ.

2005ರ ಬೇಸಿಗೇಲಿ ನಮ್ಮಪ್ಪ ಅಮ್ಮ ಬಂದ್ರು, ಐದು ತಿಂಗಳು. ಅಪ್ಪ ಜಾಲಹಳ್ಳಿ ಎಚ್‌ಎಂಟಿ ಮೆಷಿನ್ ಟೂಲ್ಸ್‌ನಲ್ಲಿ ಟರ್ನರ್ ಆಗಿ ಸೇರಿ ಚಾರ್ಜ್‌ಮನ್ ಆಗಿ ರಿಟೈರ್ ಆದೋರು. ಕೈಯಲ್ಲಿ ಎಚ್‌ಎಂಟಿ ಜನತಾ, ಕೀ ಕೊಡೋ ವಾಚು, ಅದನ್ನ ಐದು ತಿಂಗಳೂ ಬೆಂಗಳೂರು ಟೈಮಲ್ಲೇ ಇಟ್ಟಿದ್ರು, ನಾವು ರಾತ್ರಿ ಊಟಕ್ಕೆ ಕೂತ್ರೆ ವಾಚು ನೋಡಿ "ಈಗ ಫಸ್ಟ್ ಶಿಫ್ಟ್ ಸೈರನ್ ಆಗೋ ಹೊತ್ತು" ಅಂತಿದ್ರು. ಅವ್ರು ಟ್ರೇನಿಂಗ್‌ನಲ್ಲಿದ್ದಾಗ ಮೇಷ್ಟ್ರೊಬ್ರು ಹೇಳ್ತಿದ್ರಂತೆ, ಲೇತ್ ಹಿಡಿದೋನಿಗೆ ಡೆಟ್ರಾಯ್ಟೇ ಕಾಶಿ ಅಂತ. ಹಾಗಾಗಿ ಬಂದ ವಾರಕ್ಕೇ ಶುರು, "ಊರು ಯಾವಾಗ ತೋರಿಸ್ತೀಯೋ?" ನಾನು ನಯಾಗರಾ ತೋರಿಸ್ದೆ. ಷಿಕಾಗೋ ತೋರಿಸ್ದೆ. ನೋವೈ ಮಾಲ್‌ಗೆ ನಾಕ್ ಸಲ. ಡೌನ್‌ಟೌನ್ ಅಂದ ತಕ್ಷಣ, ಅಲ್ಲೇನಿಲ್ಲಪ್ಪ, ಎಲ್ಲಾ ಹಾಳುಬಿದ್ದಿದೆ, ಗಾಜು ಒಡೀತಾರೆ, ನಿಮ್ಗ್ಯಾಕೆ ಅದು.

ಡಿಯರ್‌ಬಾರ್ನ್‌ನಲ್ಲಿರೋ ಹೆನ್ರಿ ಫೋರ್ಡ್ ಮ್ಯೂಸಿಯಂಗೆ ಮಾತ್ರ ಕರ್ಕೊಂಡ್ ಹೋದೆ. ಹಳೇ ಯಂತ್ರಗಳ ಮುಂದೆ ಅಪ್ಪ ಕೈ ಹಿಂದೆ ಕಟ್ಕೊಂಡು ನಿಂತ್ಬಿಟ್ರು, ಒಂದು ಲೇತ್ ಹತ್ರ ಬಗ್ಗಿ ಚಕ್ ನೋಡಿ, ಸುತ್ತ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಒಂದು ಬೆರಳಲ್ಲಿ ಬೆಡ್ ಮೇಲೆ ಎಳೆದು, ಆ ಬೆರಳನ್ನ ಹೆಬ್ಬೆರಳಿಗೆ ಉಜ್ಜಿ ಮೂಸಿ ನೋಡಿದ್ರು. "ಎಣ್ಣೆ ಹಾಕಿಲ್ಲ ಕಣೋ, ಒಣಗಿಸ್ಬಿಟ್ಟಿದಾರೆ" ಅಂದ್ರು. ಆಚೆ ಬಂದ್ಮೇಲೆ, "ಇದು ಡಿಯರ್‌ಬಾರ್ನ್ ಅಂತ ಹಾಕಿದಾರೆ, ಡೆಟ್ರಾಯ್ಟ್ ಯಾವ್ ಕಡೆ?" ಅಂತ ಕೇಳಿದ್ರು. ಹತ್ತು ಮೈಲಿ. ಕಾಲು ಗಂಟೆ ದಾರಿ. ಫ್ರೀವೇಗೆ ಹತ್ತೋ ಕಡೆ ಎರಡು ಬೋರ್ಡು, ಒಂದು ಬಾಣ ಡೆಟ್ರಾಯ್ಟ್ ಕಡೆ, ನಾನು ಇನ್ನೊಂದರ ಕಡೆ ತಿರುಗಿಸ್ದೆ. ಅಪ್ಪ ಬಸ್ ಬೋರ್ಡ್ ಓದೋ ಹಾಗೆ ಜೋರಾಗಿ "ಡೆ-ಟ್ರಾ-ಯ್ಟ್" ಅಂತ ಓದಿದ್ರು, ಮತ್ತೆ ಮಾತಾಡ್ಲಿಲ್ಲ. ನನಗೆ ಅವತ್ತು ಸಂಜೆ ಆರಕ್ಕೆ ಕಾಲ್ ಇತ್ತು, ಅದೇ ತಲೇಲಿತ್ತು.

ಆ ಹೊತ್ತಿಗೆ ಕ್ಯಾಂಪಸ್ ಮಾರ್ಷಿಯಸ್ ಪಾರ್ಕ್ ತೆರೆದು ಆರೇಳು ತಿಂಗಳಾಗಿತ್ತು, 2004ರ ಕೊನೇಲಿ ತೆರೆದಿದ್ದು. ನನಗೆ ಅದಿದೆ ಅಂತಾನೇ ಗೊತ್ತಿರ್ಲಿಲ್ಲ.

2009ರಲ್ಲಿ ಅಪ್ಪ ಹೋದ್ರು. ವೈಕುಂಠ ಸಮಾರಾಧನೆ ದಿನ ಅವ್ರ ಜೊತೆ ಕೆಲ್ಸ ಮಾಡಿದ್ದ ಒಬ್ರು ಹಿರೀಕರು ಎಲೆ ಮುಂದೆ ಕೂತು ನಗ್ತಾ ಹೇಳಿದ್ರು, ಅಮೆರಿಕದಿಂದ ಬಂದ್ಮೇಲೆ ಡೆಟ್ರಾಯ್ಟ್ ಹೇಗಿದೆ ಅಂತ ಎಲ್ರೂ ಕೇಳಿದ್ರೆ ನಿಮ್ಮಪ್ಪ ಏನಂತಿದ್ರು ಗೊತ್ತಾ, "ಆ ಹೆಸರಿನ ಊರಿಲ್ಲ ಕಣ್ರಯ್ಯಾ, ಬರೀ ಬೋರ್ಡಿದೆ." ಎಲ್ಲಾ ನಕ್ಕರು, ನಾನೂ ನಕ್ಕೆ, ಪಾಯಸ ಬಡಿಸ್ತಿದ್ರು.

2013 ಜುಲೈನಲ್ಲಿ ಊರು ದಿವಾಳಿ ಅರ್ಜಿ ಹಾಕ್ತು, ಹದಿನೆಂಟು ಬಿಲಿಯನ್ ಡಾಲರ್ ಸಾಲ ಅಂತ ಲೆಕ್ಕ. ಬೆಂಗಳೂರಿಂದ ನೆಂಟ್ರೆಲ್ಲಾ ಫೋನು, ನಿಮ್ಮೂರು ದಿವಾಳಿ ಆಯ್ತಂತಲ್ಲೋ ಅಂತ. ನಾನು ಎಲ್ರಿಗೂ ಒಂದೇ ಉತ್ತರ, ನಮ್ಮೂರಲ್ಲ, ನಾವಿರೋದು ನೋವೈ. ಈಗ ಯಾರಾದ್ರೂ ಬಂದ್ರೆ ನಮ್ಮ ಡೆಟ್ರಾಯ್ಟ್ ನೋಡಿ ಅಂತೀನಿ, ನನ್ನ ಹೆಂಡ್ತಿ ಪಕ್ಕದಲ್ಲಿ ಗಂಟಲು ಸರಿ ಮಾಡ್ಕೋತಾಳೆ.

ಬದಲಾಯಿಸಿದ್ದು ಮಗಳು. 2019ರಲ್ಲಿ ವೇಯ್ನ್ ಸ್ಟೇಟ್ ಸೇರ್ತೀನಿ ಅಂದ್ಳು, ಅದಿರೋದು ವುಡ್‌ವರ್ಡ್ ಪಕ್ಕದಲ್ಲೇ ಮಿಡ್‌ಟೌನ್. ನಾನು ಮತ್ತೆ ಗಾಜಿನ ಕಥೆ ತೆಗೆದೆ. ಅವ್ಳು ಪೂರ್ತಿ ಕೇಳಿ, "ಅಪ್ಪಾ, ಆ ಕಾರಲ್ಲಿ ನೀವು ಮನೆಗೆ ಹೇಗ್ ಬಂದ್ರಿ, ಗಾಜಿಲ್ದೆ?" ಅಂದ್ಳು. ಹದಿನೆಂಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ ಈ ಪ್ರಶ್ನೆ. ಪೊರಕೆ ಮನುಷ್ಯನ ಬಗ್ಗೆ ಆಗ ಮೊದಲ್ನೇ ಸಲ ಬಾಯಿಬಿಟ್ಟೆ.

ಆ ನವೆಂಬರ್‌ನಲ್ಲೇ ಅವ್ಳು ನಮ್ಮಿಬ್ರನ್ನೂ ಮರದ ದೀಪ ನೋಡಕ್ಕೆ ಎಳ್ಕೊಂಡ್ ಹೋದ್ಳು. ಅಲ್ಲಿಂದ ಒಂದೆರಡು ಬ್ಲಾಕ್ ನಡೆದ್ರೆ ವುಡ್‌ವರ್ಡ್ ಮೇಲೆ ಒಂದು ದೊಡ್ಡ ಹಳ್ಳ, ಕ್ರೇನು, ಬೇಲಿ. ಅದೇ ಹಡ್ಸನ್ಸ್ ಜಾಗ. ಹತ್ತೊಂಬತ್ತು ವರ್ಷ ಖಾಲಿ ಇಟ್ಟು 2017 ಡಿಸೆಂಬರ್‌ನಲ್ಲಿ ಗುದ್ದಲಿ ಹಾಕಿದ್ರು, ಡಾನ್ ಗಿಲ್ಬರ್ಟ್ ಅನ್ನೋ ಸಾಲದ ಕಂಪನಿ ಸಾಹುಕಾರನ ಬೆಡ್‌ರಾಕ್ ಕಂಪನಿ ಕಟ್ಟಿದ್ದು. ನೀನ್ ಬಂದಾಗ ನೋಡ್ತೀಯ, 681 ಅಡಿ ಗಾಜಿನ ಗೋಪುರ, ನದಿ ದಡದ ರೆನೆಸಾನ್ಸ್ ಸೆಂಟರ್ ಬಿಟ್ರೆ ಮಿಷಿಗನ್‌ನಲ್ಲೇ ಎತ್ತರದ್ದು. ಕಾರ್ ಕಂಪನಿ ಜಿಎಂ ತನ್ನ ಹೆಡ್ ಆಫೀಸನ್ನ ಆ ನದಿ ದಡದ ಕಟ್ಟಡದಿಂದ ಈ ಹೊಸದಕ್ಕೆ ತರೋದಾಗಿ 2024ರಲ್ಲಿ ಹೇಳ್ತು, ಹಳೇದರಲ್ಲಿ ಜಿಎಂಗೆ ಸೇರಿದ ಐದು ಗೋಪುರದಲ್ಲಿ ಎರಡನ್ನ ಕೆಡವೋ ಪ್ಲಾನೂ ಅದೇ ವರ್ಷ ಬಂತು. ಒಂದು ಕಡೆ ಕಟ್ಟೋದು, ಒಂದು ಕಡೆ ಕೆಡವೋದು, ಮಂಡ್ಯದೋರು ಹೇಳಿದ ಮಾತು ಅಲ್ಲಿಗೆ ಪೂರ್ತಿ ಸುಳ್ಳಾಗ್ಲಿಲ್ಲ. ಆ ಗೋಪುರಕ್ಕೆ ಸಿಟಿ 60 ಮಿಲಿಯನ್ ಡಾಲರ್ ತೆರಿಗೆ ಬಿಟ್ಟುಕೊಡ್ತು ಅಂತ ಇಲ್ಲಿನ ಹಳೇ ಜನಕ್ಕೆ ಸಿಟ್ಟಿದೆ, ಆ ಸಿಟ್ಟು ನ್ಯಾಯವಾದದ್ದೇ ಅಂತ ನನ್ನ ಅಭಿಪ್ರಾಯ. ಡೌನ್‌ಟೌನ್‌ನಲ್ಲಿ ಫುಟ್‌ಪಾತಿಗೆ ಬಿಸಿ ಕಾಫಿ ವಾಸನೆ, ಮೂರು ಮೈಲಿ ಆಚೆ ಬೀದಿಗೆ ನಾಕು ಮನೆ, ಮಿಕ್ಕಿದ್ದು ಹುಲ್ಲು. 1950ರಲ್ಲಿ ಹದಿನೆಂಟೂವರೆ ಲಕ್ಷ ಜನ ಇದ್ದ ಊರು ಇದು, 2023ರ ಲೆಕ್ಕಕ್ಕೆ ಆರು ಲಕ್ಷ ಮೂವತ್ಮೂರು ಸಾವಿರ, ಅದೂ 1957ರಿಂದೀಚೆ ಮೊದಲ್ನೇ ಸಲ ಜನ ಏರಿದ್ರು ಅಂತ ಖುಷಿ ಪಟ್ಟ ಅಂಕಿ. ಹೊಸ ಕಟ್ಟಡದ ಫೋಟೋ ಹಾಕೋ ಮುಂಚೆ ಆ ಹುಲ್ಲಿನ ಬೀದೀಲೂ ಒಂದ್ ಸಲ ಕಾರು ಓಡಿಸು, ಹಗಲು ಹೊತ್ತು.

ಮಿಷಿಗನ್ ಸೆಂಟ್ರಲ್ ರೈಲ್ವೆ ಸ್ಟೇಷನ್‌ಗೆ ಮಾತ್ರ ತಪ್ಪದೆ ಕರ್ಕೊಂಡ್ ಹೋಗು ನಿಮ್ಮಪ್ಪನ್ನ. ಡೌನ್‌ಟೌನ್ ಪಕ್ಕ ಕಾರ್ಕ್‌ಟೌನ್‌ನಲ್ಲಿದೆ. 1913ರ ಕಟ್ಟಡ, 1988ರಲ್ಲಿ ಕೊನೇ ರೈಲು ಹೋಯ್ತು, ಆಮೇಲೆ ಮೂವತ್ತು ವರ್ಷ ಕಿಟಕಿ ಇಲ್ಲ, ಬಾಗ್ಲಿಲ್ಲ, ಡೆಟ್ರಾಯ್ಟ್ ಹಾಳಾಯ್ತು ಅಂತ ಬರೆಯೋ ಪೇಪರ್ನೋರೆಲ್ಲಾ ಅದ್ರ ಫೋಟೋನೇ ಹಾಕೋರು. 2018ರಲ್ಲಿ ಫೋರ್ಡ್ ತಗೊಂಡು ರಿಪೇರಿ ಮಾಡಿಸಿ 2024ರ ಜೂನ್ 6ಕ್ಕೆ ತೆರೀತು. ಫೋರ್ಡ್ ತಗೊಂಡ ಸುದ್ದಿ ಬಂದ ಸ್ವಲ್ಪ ದಿನಕ್ಕೆ ಯಾರೋ ಹೆಸರು ಹೇಳದೆ ಫೋನ್ ಮಾಡಿ, ಇಪ್ಪತ್ತು ವರ್ಷದ ಹಿಂದೆ ಅಲ್ಲಿಂದ ಕದ್ದ ಗಡಿಯಾರ ನನ್ನ ಹತ್ರ ಇದೆ, ಅದು ಮನೆಗೆ ಹೋಗ್ಬೇಕು ಅನ್ಸ್ತಿದೆ ಅಂತ ಹೇಳಿ, ಒಂದು ಕಡೆ ಇಟ್ಟು ಹೋದ್ರಂತೆ. ಇದನ್ನ ಓದಿದ ದಿನ ನಾನು ಬೀರು ತೆಗೆದು ಅಪ್ಪನ ಜನತಾಗೆ ಕೀ ಕೊಟ್ಟೆ. ಓಡ್ತು.

ಆಮೇಲೆ ಡೆಟ್ರಾಯ್ಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್. ಹೆಸರು ನೋಡಿ ಚಿತ್ರಕಲೆ ಅಪ್ಪನಿಗೆ ಯಾಕೆ ಅನ್ಕೋಬೇಡ. ಡಿಯೇಗೋ ರಿವೇರಾ ಅನ್ನೋ ಮೆಕ್ಸಿಕೋ ಚಿತ್ರಕಾರ 1932-33ರಲ್ಲಿ ನಾಕು ಗೋಡೆಗೂ 27 ಚಿತ್ರ ಬರೆದಿದಾನೆ, ಕಾಸು ಕೊಟ್ಟಿದ್ದು ಹೆನ್ರಿ ಫೋರ್ಡ್ ಮಗ ಎಡ್ಸೆಲ್. ಫೋರ್ಡ್‌ನ ರೂಜ್ ಕಾರ್ಖಾನೆ, ವಿ8 ಎಂಜಿನ್ ಬ್ಲಾಕು ಸಾಲಾಗಿ ಬರ್ತಿದೆ, ಡ್ರಿಲ್ಲಿಂಗ್ ಮೆಷಿನ್ನು, ಕನ್ವೇಯರು, ಎರಡೂ ಕೈ ಹಾಕಿ ತಳ್ತಿರೋ ಜನ, ಬೆನ್ನು ಬಗ್ಗಿಸಿರೋದು, ಬಾಯಿ ಬಿಗಿ ಹಿಡಿದಿರೋದು. ದಿವಾಳಿ ಟೈಮಲ್ಲಿ ಈ ಮ್ಯೂಸಿಯಂ ಚಿತ್ರಗಳನ್ನೇ ಮಾರಿ ಸಾಲ ತೀರಿಸ್ಬೇಕು ಅನ್ನೋ ಮಾತು ಬಂದು, ಹೇಗೋ ಉಳೀತು. ನಾನು ಮೊದಲ್ನೇ ಸಲ ಹೋದಾಗ ಐವತ್ತು ಹತ್ರ ಹತ್ರ, ಅಪ್ಪ ಹೋಗಿ ಹತ್ತು ವರ್ಷ. ಉತ್ತರದ ಗೋಡೆ ಮುಂದೆ ಒಬ್ಬ ಕೆಲಸಗಾರನ ಮೊಣಕೈ ನೋಡ್ದೆ, ಒಂದು ಲಿವರ್ ಮೇಲೆ ಭಾರ ಬಿಟ್ಟಿರೋ ರೀತಿ. ನಮ್ಮಪ್ಪ ಮನೇಲಿ ಕಾಯಿ ತುರಿಯುವಾಗ ಹಿಡೀತಿದ್ದದ್ದೂ ಹಾಗೇ, ಶಿಫ್ಟ್ ಮುಗಿದ್ರೂ ಮೊಣಕೈಗೆ ಶಿಫ್ಟ್ ಮುಗಿದಿರ್ತಿರ್ಲಿಲ್ಲ. ಅಲ್ಲಿ ಬೆಂಚ್ ಇದೆ, ಕೂತೆ, ಮಗಳು ಏನೂ ಕೇಳ್ಲಿಲ್ಲ.

ನಾನ್ ಏನ್ ಹೇಳಕ್ ಹೊರಟೆ ಅಂದ್ರೆ, ಸೇಫಾ ಅಂತ ಕೇಳಿದ್ರೆ ಸೇಫೇ, ಮೆಜೆಸ್ಟಿಕ್‌ನಲ್ಲಿ ಎಷ್ಟು ಹುಷಾರಾಗಿರ್ತೀಯೋ ಅಷ್ಟು ಇರು. ಕಾರಲ್ಲಿ ಬ್ಯಾಗು, ಲ್ಯಾಪ್‌ಟಾಪು, ಖಾಲಿ ಕವರೂ ಕಾಣೋ ಹಾಗೆ ಬಿಡ್ಬೇಡ. ಪಾರ್ಕ್ ಡೆಟ್ರಾಯ್ಟ್ ಅಂತ ಆ್ಯಪ್ ಇದೆ, ಹಾಕ್ಕೋ, ಝೋನ್ ನಂಬರ್ ಸರಿಯಾಗಿ ಒತ್ತು, ನನಗೆ ಒಂದ್ ಅಂಕಿ ತಪ್ಪಾಗಿ ಫೈನ್ ಬಿದ್ದಿದೆ. ರಾತ್ರಿ ಹೊತ್ತು ಜನ ಓಡಾಡೋ ಬೀದೀಲೇ ನಡಿ. ಗಾಜು ಒಡೆದ್ರೆ ಇನ್ಶೂರೆನ್ಸ್ ಇದೆ. ಮತ್ತೆ ನಮ್ಮೋರು ಯಾರಾದ್ರೂ ಊಟದ ಸಾಲಲ್ಲಿ ಹೆದರಿಸಿದ್ರೆ, ನೀವು ಕೊನೇ ಸಲ ಹೋಗಿದ್ದು ಯಾವಾಗ ಅಂತ ಕೇಳು. ಅವ್ರ ಉತ್ತರ ಮುಗಿಯೋಷ್ಟ್ರಲ್ಲಿ ಹೋಳಿಗೆ ಬಂದಿರತ್ತೆ.

ತಿನ್ನೋಕೆ ಅಂತ ಕೇಳಿರ್ಲಿಲ್ಲ, ಆದ್ರೂ ಹೇಳ್ತೀನಿ. ಡೆಟ್ರಾಯ್ಟ್ ಪಿಜ್ಜಾ ಚೌಕಾಕಾರ, ಅಂಚು ಕರುಕಲು. ಮೊದಮೊದ್ಲು ಅದನ್ನ ಬೇಯಿಸಿದ್ದು ಕಾರ್ ಫ್ಯಾಕ್ಟರೀಲಿ ನಟ್ಟು ಬೋಲ್ಟು ಇಡೋ ಉಕ್ಕಿನ ತಟ್ಟೇಲಿ ಅಂತ ಹೇಳ್ತಾರೆ. ನಿಮ್ಮಪ್ಪನಿಗೆ ಪಿಜ್ಜಾ ಸೇರ್ದಿದ್ರೂ ಈ ಮಾತು ಸೇರತ್ತೆ. ಅಮ್ಮನಿಗೆ ಶನಿವಾರದ ಈಸ್ಟರ್ನ್ ಮಾರ್ಕೆಟ್ ತೋರ್ಸು, ಶೆಡ್ಡು ಶೆಡ್ಡು ತರಕಾರಿ, ಚೌಕಾಸಿನೂ ಸ್ವಲ್ಪ ನಡೆಯತ್ತೆ, ಮಧ್ಯಾಹ್ನ ಕಟ್ಟೋ ಹೊತ್ತಿಗೆ ಹೋದ್ರೆ ಟೊಮೇಟೊ ಬಾಕ್ಸ್ ಲೆಕ್ಕದಲ್ಲಿ ಕೊಟ್ಬಿಡ್ತಾರೆ, ತೊಕ್ಕು ಹಾಕ್ಬಹುದು.

ನವೆಂಬರ್‌ನಲ್ಲಿ ಬಂದ ತಕ್ಷಣ ಒಂದ್ ಮೆಸೇಜ್ ಹಾಕು, ಕೋಟು ತಗೊಳಕ್ಕೆ ನಾನೇ ಬರ್ತೀನಿ, ಹೊಸಬ್ರು ಯಾವಾಗ್ಲೂ ಒಂದ್ ಸೈಜ್ ಚಿಕ್ಕದ್ ತಗೋತಾರೆ, ಒಳಗೆ ಸ್ವೆಟರ್ ಹಿಡಿಯಲ್ಲ. ಜೂನ್‌ನಲ್ಲಿ ಅಪ್ಪ ಅಮ್ಮ ಬಂದು ಜೆಟ್‌ಲ್ಯಾಗ್ ಕಳೆದ ಮೇಲೆ ಒಂದು ಭಾನುವಾರ ನನಗೆ ಬಿಟ್ಟುಕೊಡು. ಸೋಮವಾರ ಬೇಡ, ಮ್ಯೂಸಿಯಂ ರಜ. ಡಿಯರ್‌ಬಾರ್ನ್ ಕಡೆಯಿಂದಾನೇ ಹೋಗೋಣ, ಡ್ರೈವಿಂಗ್ ನಂದು, ನಿಮ್ಮಪ್ಪ ಮುಂದಿನ ಸೀಟಲ್ಲಿ ಕೂರ್ಲಿ.